ಬೆಳ್ಳಿ ಕುಡಿದ ಬಾಬಣ್ಣ

“ನನ್ನ ಸಾಲಿ ನಾಕನೇತ್ತಕ್ಕ ಮುಗೀತು ಚಿಗವ್ವಾ. ಆದ್ರ ನನ್ನ ಎದ್ಯಾಗಿನ ಹುಳಕ್ಕ ಮಾತ್ರ ನಾ ಭಾಳ ಓದಿಸೇನಿ. ಮೊದಲನೇ ಸಲ ಟಿಬಿ ಅಂದಾಗ ಗುಳಿಗಿ ಕೊಟ್ರು. ಎರಡು ತಿಂಗಳ ನುಂಗಿದೆ. ಕೆಮ್ಮು ನಿಂತಿತು, ಬಾಯಿಗಿ ಮಟನ್ ಸಾರು ರುಚಿ ಹತ್ತಾಕ ಸುರುವಾತು. ಆರಾಮ ಆದವಗ ಗುಳಿಗಿ ಎದಕ ಅಂತ ಬಿಟ್ಟೆ. ಹುಳ ಕನ್ನಡ ಸಾಲಿ ಪಾಸಾತು. ಮತ್ತ ಕೆಮ್ಮು ಬಂತು, ಮತ್ತ ಗುಳಿಗಿ, ಈ ಸಲ ಸೂಜಿನೂ ಚುಚ್ಚಿದ್ರು. ಅದನ್ನೂ ಅರ್ಧಕ್ಕ ಬಿಟ್ಟೆ, ಯಾಕಂದ್ರ ಊರಾಗ ಲಗ್ನದ ಸುಗ್ಗಿ, ಗಿರಾಕಿಗೋಳ ಸೀರಿ ಮಗ್ಗದಿಂದ ಇಳಿಸಿ ಕೊಡಬೇಕಾಗಿತ್ತು. ಹುಳ ಮೆಟ್ರಿಕ್ ಪಾಸಾತು. ಮೂರನೇ ಸಲ ಹೋದ್ರ ಡಾಕ್ಟರು ಹೇಳ್ತಾರ, ‘ಬಾಬಣ್ಣ, ನಿನ್ನ ಹುಳ ಹಳೇ ಔಷಧ ಎಲ್ಲಾ ಓದಿಕೊಂಡು ಕುಂತಾವ, ಇನ್ನ ಅದಕ್ಕ ಅವು ಬಗ್ಗೂದಿಲ್ಲ.’ ನಮ್ಮ ಮನಿತನದಾಗ ದೊಡ್ಡ ಸಾಲಿ ಕಲಿತವರು ಅಂದ್ರ ಇಬ್ಬರ. ಒಬ್ಬಾಕಿ ನಮ್ಮ ತಂಗಿ ಮಗಳು ಪ್ರಿಯದರ್ಶಿನಿ. ಇನ್ನೊಂದು ನನ್ನ ಹುಳ. ಇವರಿಬ್ಬರ ನಡುವ ನಾ ಹೆಂಗ ಮಂಗ ಆದೆ ಅನ್ನೂದನ್ನ ನೀ ಕಣ್ಣಾರೆ ಕಂಡೀದಿ. ಬೇಕಾದ್ರ ಬರಿ. ಆದ್ರ ನನ್ನ ಶಾಣ್ಯಾ ಅಂತ ಮಾತ್ರ ಬರೀಬ್ಯಾಡ. ಓಣ್ಯಾಗ ಯಾರೂ ನಂಬೂದಿಲ್ಲ.”

ಬಾಬಣ್ಣ ಹೀಗೆ ಹೇಳಿ ನಕ್ಕ. ನಕ್ಕರೆ ಈಗಲೂ ಅವನ ಎದೆಯೊಳಗೆ ಹಳೆಯ ಕಿಟಕಿಯ ಸಂದಿಯಲ್ಲಿ ಗಾಳಿ ಹೊಕ್ಕಂಥ ಸದ್ದು ಬರುತ್ತದೆ.

ಅವನು ಇಳಕಲ್ಲಿನಲ್ಲಿ ನಮ್ಮ ಓಣಿಯ ನೇಕಾರ. ಅವನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವನ ಮಗ್ಗಕ್ಕೆ ಕಂಡಿಕೆ ಸುತ್ತುವವಳು ನಾನು. ರಾಟೆ ತಿರುಗಿಸುತ್ತ, ಲಾಳಿಯೊಳಗೆ ಕೂರುವ ಸಣ್ಣ ಕೊಳವೆಗೆ ನೂಲು ತುಂಬುವುದಷ್ಟೇ ಕೆಲಸ. ಅದಕ್ಕೆ ಕೈ ಸಾಕು, ಕಿವಿ ಖಾಲಿ ಬಿದ್ದಿರುತ್ತದೆ. ಅವನಿಗೆ ರೋಗ ಹತ್ತಿದ ಮೇಲೆ ನನ್ನ ರಾಟೆಯನ್ನು ಒಳಗಿನಿಂದ ಹೊರಗಿನ ಕಟ್ಟೆಗೆ ಹಾಕಿಸಿದರು. ಹಾಗೆ ಹಾಕಿಸಿದ್ದರಿಂದ ರೋಗ ನನ್ನಿಂದ ದೂರ ಉಳಿಯಿತೇ ಹೊರತು ಅವರ ಮನೆಯ ಮಾತು ದೂರ ಉಳಿಯಲಿಲ್ಲ.

ಬಾಬಣ್ಣನ ಕೈ ಒಳ್ಳೆಯದು. ಇಳಕಲ್ಲ ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಕೂಡಿಸಿದರೆ ಎಲ್ಲಿ ಕೂಡಿತು ಎಂದು ಬೆರಳಿಗೆ ತಿಳಿಯುತ್ತಿರಲಿಲ್ಲ. ಆದರೆ ಕೈಗಿಂತ ಬಾಯಿ ಒಂದು ಮೊಳ ಉದ್ದ. ಅವನು ನೇಯ್ದ ಪ್ರತಿ ಸೀರೆಯ ಜರಿಯೂ ಅವನ ಬಾಯಲ್ಲಿ ಅಸಲಿ ಬೆಳ್ಳಿಯದು. ಅದರಲ್ಲೂ ತನ್ನ ಲಗ್ನಕ್ಕೆಂದು ತಾನೇ ನೇಯ್ದು ಹೆಂಡತಿಗೆ ಉಡಿಸಿದ ಸೀರೆಯ ಸುದ್ದಿಯನ್ನು ಓಣಿಯ ನಾಯಿಗೂ ಹೇಳಿದ್ದ. ಹೆಂಡತಿ ರತ್ನಾಬಾಯಿ ಹುನಗುಂದದವಳು, ಮಾತು ಕಡಿಮೆ. ಆದರೆ ತವರಿನ ಲಗ್ನಗಳಿಗೆ ಅದೇ ಸೀರೆ ಉಟ್ಟು ಹೋಗಿ, ಯಾರಾದರೂ ಸೆರಗು ಮುಟ್ಟಿದರೆ, “ನಮ್ಮವರು ಕೈಲೆ ನೇಯ್ದದ್ದು, ಬೆಳ್ಳಿ ಜರಿ” ಎಂದು ಇಷ್ಟೇ ಹೇಳುತ್ತಿದ್ದಳು.

ಮೊದಲ ಸಲ ರೋಗ ಬಂದದ್ದು ತೊಂಬತ್ತೇಳರಲ್ಲಿ. ಮೂರನೆಯ ಸಲ ಬಂದದ್ದು ಎರಡು ಸಾವಿರದ ಆರರಲ್ಲಿ. ಆಗ ಬಾಗಲಕೋಟೆಯ ಡಾಕ್ಟರು ಕಫವನ್ನು ದೂರದ ದೊಡ್ಡ ಊರಿಗೆ ಕಳಿಸಿ ಪರೀಕ್ಷೆ ಮಾಡಿಸಿದರು. ಫಲಿತಾಂಶ ಬಂದ ದಿನ ರತ್ನಾಬಾಯಿಯ ಜೊತೆಗೆ ನಾನೂ ಬಸ್ಸಿನಲ್ಲಿ ಹೋಗಿದ್ದೆ.

ಡಾಕ್ಟರು ಸಣ್ಣ ವಯಸ್ಸಿನವರು, ದನಿ ಏರಿಸದ ಮನುಷ್ಯ. “ಇದು ಬ್ಯಾರೆ ಔಷಧರಿ. ದಿನಾ ಸೂಜಿ, ದಿನಾ ಒಂದು ಮುಷ್ಟಿ ಗುಳಿಗಿ, ಹತ್ತಿರ ಹತ್ತಿರ ಎರಡು ವರ್ಷ. ಹೊಟ್ಟಿ ತೊಳಸ್ತೈತಿ, ಕಿವಿ ಗುಂಯ್ ಅಂತಾವ. ಆದ್ರ ಬಿಡಂಗಿಲ್ಲ. ಇದನ್ನೂ ನಡಬರಕ ಬಿಟ್ರ ಆಮ್ಯಾಲೆ ನನ್ನ ಕಡೆ ಕೊಡಾಕ ಏನೂ ಉಳಿಯೂದಿಲ್ಲ” ಎಂದರು.

“ಉಳಿಯೂದಿಲ್ಲ ಅಂದ್ರ?” ಎಂದು ರತ್ನಾಬಾಯಿ ಕೇಳಿದಳು.

ಡಾಕ್ಟರು ಬಾಬಣ್ಣನನ್ನು ನೋಡಿದರು. ಬಾಬಣ್ಣ, “ಅಂದ್ರ ನಾನೂ ಉಳಿಯೂದಿಲ್ಲ” ಎಂದ. 

ಮುಂದೆ ದಿನವೂ ಬೆಳಿಗ್ಗೆ ಅಂಗನವಾಡಿಯ ಶಮಶಾದಬಿ ಗುಳಿಗೆಯ ಡಬ್ಬಿ ಹಿಡಿದು ಬರತೊಡಗಿದಳು. ಅವಳ ಎದುರಿಗೇ ನುಂಗಬೇಕು, ಅದು ಕಟ್ಟಳೆ. ಬಾಬಣ್ಣ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತೇ ಕೈ ಚಾಚುತ್ತಿದ್ದ. ನಮ್ಮ ಕಡೆಯ ಮಗ್ಗ ನೆಲದ ಮಟ್ಟಕ್ಕೆ ಇರುತ್ತದೆ. ನೇಕಾರ ಸೊಂಟದವರೆಗೆ ಕುಣಿಯೊಳಗೆ ಇಳಿದು ಕೂತು ಕಾಲಿನಿಂದ ತುಳಿಯಬೇಕು. ಆಗ ಅವನಿಗೆ ಹೆಚ್ಚು ನೇಯಲು ಆಗುತ್ತಿರಲಿಲ್ಲ, ಆದರೂ ಕುಣಿಯಲ್ಲಿ ಕೂತರೆ ತಾನಿನ್ನೂ ನೇಕಾರ ಅನಿಸುತ್ತಿತ್ತಂತೆ.

“ನುಂಗ್ರಿ ಬಾಬಣ್ಣಾರ, ನನಗ ಮಕ್ಕಳ ಉಪ್ಪಿಟ್ಟಿನ ಹೊತ್ತಾತು” ಎನ್ನುತ್ತಿದ್ದಳು ಶಮಶಾದಬಿ.

“ನಿನ್ನ ಉಪ್ಪಿಟ್ಟು ಇದಕಿಂತ ಕೆಟ್ಟ ಇರತೈತಿ ಅಂತ ಮಕ್ಕಳು ಹೇಳ್ತಾವ. ಅವುಕ್ಕ ಇದನ್ನ ಕೊಡು, ನನಗ ಅದನ್ನ ಕೊಡು.”

ಹೀಗೆ ಕೆಲವು ವಾರ ನಡೆಯಿತು. ಔಷಧ ಅವನನ್ನು ಹಿಂಡಿತು. ಅನ್ನ ಕಂಡರೆ ವಾಂತಿ, ನಿಂತರೆ ತಲೆ ತಿರುಗುವುದು. ಕಿವಿಯಲ್ಲಿ ಇಡೀ ಹೊತ್ತು ಪವರ್‌ಲೂಮ್ ನಡೆದಂಗ ಆಗತೈತಿ ಎನ್ನುತ್ತಿದ್ದ. “ಕೈಮಗ್ಗದವನ ಕಿವಿಯೊಳಗ ಪವರ್‌ಲೂಮ್ ಹೊಕ್ಕೈತಿ ನೋಡು, ಇದಕಿಂತ ಅಪಮಾನ ಐತೇನು?”

ಆ ದಿನಗಳಲ್ಲೇ ಪ್ರಿಯದರ್ಶಿನಿ ಸೂಟಿಗೆ ಬಂದಳು. ಬಾಬಣ್ಣನ ತಂಗಿಯ ಮಗಳು, ಧಾರವಾಡದಲ್ಲಿ ವಿಜ್ಞಾನ ಓದುತ್ತಿದ್ದಳು. ಬಾಗಿಲು ಕಿಟಕಿ ಎಲ್ಲ ತೆರೆಸಿ, ಮೂಗಿಗೆ ಅರಿವೆ ಕಟ್ಟಿಕೊಂಡು, ಹೊಸ್ತಿಲ ಹತ್ತಿರ ಕೂತಳು. ನಾನು ಕಟ್ಟೆಯ ಮೇಲೆ ರಾಟೆ ನಿಧಾನ ಮಾಡಿದೆ.

“ಅಲ್ಲಿ ನೀ ಏನ ಮಾಡ್ತಿ?” ಎಂದು ಬಾಬಣ್ಣ ಕೇಳಿದ.

“ಬೆಳ್ಳಿ ಪುಡಿ ಮಾಡ್ತೇನಿ ಮಾಮಾ.”

“ಅದಕ್ಕ ಧಾರವಾಡ ಎದಕ? ಇಲ್ಲೇ ಅಕ್ಕಸಾಲಿಗರ ಅಂಗಡ್ಯಾಗ ಅರ ಹಿಡದು ತಿಕ್ಕಬಹುದಿತ್ತು.”

ಅವಳು ನಕ್ಕು ಬಿಡಿಸಿ ಹೇಳಿದಳು. ಅರದಿಂದ ತಿಕ್ಕಿದ ಪುಡಿ ಅದರ ಮುಂದೆ ಗುಡ್ಡದ ಕಲ್ಲಿನಷ್ಟು ದೊಡ್ಡದಂತೆ. ರೇಷ್ಮೆಯ ಒಂದು ಎಳೆಯ ಅಗಲದಲ್ಲಿ ಸಾಲಾಗಿ ಸಾವಿರ ಕಾಳು ಕೂರುವಷ್ಟು ಸಣ್ಣ ಬೆಳ್ಳಿ ಇವರು ಮಾಡುವುದು. ಬೆಳ್ಳಿಯ ಉಪ್ಪನ್ನು ನೀರಿನಲ್ಲಿ ಕರಗಿಸಿ ಅದಕ್ಕೆ ಬೇವಿನ ಎಲೆಯ ಕಷಾಯ ಹಾಕಿದರೆ ನೀರು ಜೇನುತುಪ್ಪದ ಬಣ್ಣಕ್ಕೆ ತಿರುಗುತ್ತದಂತೆ. ಅಷ್ಟು ಸಣ್ಣ ಬೆಳ್ಳಿ ರೋಗದ ಹುಳದ ಮೈಗೆ ಹತ್ತಿಕೊಂಡು ತೂತು ಕೊರೆಯುತ್ತದಂತೆ.

“ಟಿಬಿ ಹುಳ ಎದಕ ಗಟ್ಟಿ ಅಂದ್ರ, ಅದರ ಮೈಮ್ಯಾಲೆ ಮೇಣದಂಥದೊಂದು ಹೊದಿಕಿ ಇರತೈತಿ. ಔಷಧ ಒಳಗ ಹೋಗಾಕ ಬಿಡೂದಿಲ್ಲ.”

ಬಾಬಣ್ಣನ ಕಣ್ಣು ಅರಳಿತು. “ಹಸಿ ರೇಶಿಮಿಗಿ ಅಂಟು ಇರತೈತೆಲ್ಲ, ಹಂಗ? ಅದನ್ನ ಕುದಿಸಿ ತಗಿಲಿಲ್ಲಂದ್ರ ಬಣ್ಣ ಒಳಗ ಇಳಿಯೂದಿಲ್ಲ.”

“ಹೂಂ, ಹಂಗ ಅಂದ್ಕೋರಿ. ಆದ್ರ ಮಾಮಾ, ಇದೆಲ್ಲಾ ಗಾಜಿನ ತಟ್ಟಿಯೊಳಗ. ಅದೂ ನಾವು ಟಿಬಿ ಹುಳ ಮುಟ್ಟೂದಿಲ್ಲ, ಅದರ ದಾಯಾದಿ ಒಂದೈತಿ, ಯಾರಿಗೂ ರೋಗ ಮಾಡೂದಿಲ್ಲ, ಅದರ ಮ್ಯಾಲೆ ನೋಡ್ತೇವಿ. ಮನುಷ್ಯಾರಿಗಿ ಔಷಧ ಆಗಬೇಕಂದ್ರ ಎಷ್ಟು ವರ್ಷೋ, ಆಗತೈತೋ ಇಲ್ಲೋ. ನೀವು ಗುಳಿಗಿ ಬಿಡಬ್ಯಾಡ್ರಿ.”

ಈ ಕೊನೆಯ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಕಿವಿಯಲ್ಲಿ ಪವರ್‌ಲೂಮ್ ನಡೆಯುತ್ತಿದ್ದವನಿಗೆ ಕೇಳಿಸಿತೋ ಇಲ್ಲವೋ. ಅವನ ತಲೆಯಲ್ಲಿ ಬೆಳ್ಳಿಯೂ ಬೇವಿನ ಎಲೆಯೂ ಮಾತ್ರ ಉಳಿದವು.

ನಮ್ಮಲ್ಲಿ ಜರಿಸೀರೆ ಹರಿದರೆ ಬಿಸಾಡುವುದಿಲ್ಲ. ಹಳೆ ಜರಿ ಕೊಳ್ಳುವವರು ಓಣಿಗೆ ಬಂದು ಅಂಚಿನ ದಡಿ, ಸೆರಗು ಕತ್ತರಿಸಿಕೊಂಡು ಹೋಗಿ ಸುಡುತ್ತಾರೆ. ನೂಲು ಸುಟ್ಟು ಬೂದಿಯಾಗಿ, ಬೆಳ್ಳಿ ಉಳಿಯುತ್ತದೆ. ನೇಕಾರರ ಮನೆಯ ಕೂಸಿಗೂ ಇದು ಗೊತ್ತು. ಬೇರೆ ಊರಿನವರಾಗಿದ್ದರೆ ಬೆಳ್ಳಿಯ ಸುದ್ದಿ ಕೇಳಿ, ಹೌದೇ ಎಂದು ಸುಮ್ಮನಾಗುತ್ತಿದ್ದರು. ಬಾಬಣ್ಣ ಸುಮ್ಮನಾಗುವಂತಿರಲಿಲ್ಲ. ಬೆಳ್ಳಿ ಅವನ ಮನೆಯ ಟ್ರಂಕಿನಲ್ಲೇ ಇತ್ತಲ್ಲ.

ರತ್ನಾಬಾಯಿ ತಮ್ಮನ ಮಗುವಿನ ನಾಮಕರಣಕ್ಕೆಂದು ಹುನಗುಂದಕ್ಕೆ ಹೋದಳು. ಅವಳು ಓಣಿ ದಾಟುತ್ತಲೇ ಇವನ ಹಿತ್ತಲಿನಲ್ಲಿ ಹೊಗೆ ಎದ್ದಿತು. ನಾನು ಗೋಡೆಯ ಮೇಲೆ ಇಣುಕಿ ನೋಡಿದೆ. ಮಣ್ಣಿನ ಗಡಿಗೆಯ ಚೂರಿನಲ್ಲಿ ಏನೋ ಉರಿಯುತ್ತಿತ್ತು.

“ಏನ ಸುಡಾಕತ್ತೀ ಬಾಬಣ್ಣ?”

“ಔಷಧ ಮಾಡಾಕತ್ತೇನಿ ಚಿಗವ್ವಾ. ನಿಮ್ಮ ಹಿತ್ತಲದ ಬೇವಿನ ತೊಪ್ಪಲ ಒಂದೀಟು ಹರಿದು ಕೊಡು. ರತ್ನಾಗ ಹೇಳಬ್ಯಾಡ.”

ನಾನು ಎಳೆಯ ತೊಪ್ಪಲನ್ನೇ ಆರಿಸಿ ಕೊಟ್ಟೆ. ಸುಟ್ಟು ಉಳಿದ ಕರಿ ಪುಡಿಯನ್ನು ಅವನು ಮಸಾಲೆ ಅರೆಯುವ ಕಲ್ಲಬತ್ತದಲ್ಲಿ ಹಾಕಿ, ತೊಪ್ಪಲ ಸೇರಿಸಿ, ಸಣ್ಣಗಾಗಲೆಂದು ಲಿಂಬೆಹಣ್ಣು ಹಿಂಡಿ, ಅರ್ಧ ದಿನ ಅರೆದ. ಮೇಲುಸಿರು ಬಿಡುತ್ತ ಅರೆಯುವವನಿಗೆ, ಇಷ್ಟು ಕಷ್ಟಪಡುವ ಬದಲು ಗುಳಿಗೆ ನುಂಗುವುದು ಸುಲಭ ಅಂತ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಅರೆದದ್ದನ್ನು ನೆನೆಸಿಟ್ಟ ನೀರು ಮರುದಿನ ಚಂದದ ಹಸಿರಾಯಿತು. ಪ್ರಿಯದರ್ಶಿನಿ ಜೇನಿನ ಬಣ್ಣ ಅಂದಿದ್ದಳಲ್ಲ ಎಂದೆ.

“ಧಾರವಾಡದ ಬೇವು ಬ್ಯಾರೆ, ನಮ್ಮ ಬೇವು ಬ್ಯಾರೆ” ಎಂದು ಅವನು ಗಟಗಟ ಕುಡಿದ.

ನನ್ನ ಮೊಣಕಾಲು ನೋವಿಗೂ ಒಂದು ಗುಟುಕು ಕೊಡು ಅಂದೆ. “ಇದು ಎದಿಗಿ ಅಷ್ಟ” ಎಂದು ಗಿಂಡಿ ಮರೆ ಮಾಡಿದ. ಅವನ ಜಿಪುಣತನಕ್ಕೆ ನಾನು ಆವತ್ತು ಬೈದುಕೊಂಡೆ. ಆಮೇಲೆ ಅದಕ್ಕೇ ಕೈ ಮುಗಿದೆ.

ರತ್ನಾಬಾಯಿ ತವರಿನಿಂದ ತಿರುಗಿ ಬರುವಷ್ಟರಲ್ಲಿ ಬಾಬಣ್ಣ ಹಾಸಿಗೆ ಹಿಡಿದಿದ್ದ. ಹೊಟ್ಟೆ ಹಿಂಡುತ್ತಿತ್ತು, ವಾಂತಿ ನಿಲ್ಲುತ್ತಿರಲಿಲ್ಲ. ಆದರೂ ಮುಖದಲ್ಲಿ ಕಳೆ. “ಹುಳ ಹೊರಗ ಬೀಳಾಕತ್ತಾವ” ಎಂದು ನನಗೆ ಗುಟ್ಟಾಗಿ ಹೇಳಿದ್ದ. ಅವಳು ಚೀಲ ಇಳಿಸಿ, ನೀರು ಕಾಸಲು ಅಡಿಗೆಮನೆಗೆ ಹೋದವಳು ಕಲ್ಲಬತ್ತ ಎತ್ತಿಕೊಂಡು ಹೊರಗೆ ಬಂದಳು.

“ಇದಕ್ಕ ಕಿಲುಬು ಹೆಂಗ ಹಿಡೀತ್ರಿ?”

“ಕಿಲುಬಲ್ಲ ಅದು. ಬೆಳ್ಳಿ ಔಷಧ.”

“ಬೆಳ್ಳಿ ಕರ್ರಗಾಗೂದನ್ನ ನೋಡೇನಿ. ಹಸರಾಗೂದನ್ನ ನೋಡಿಲ್ಲ. ಕಲಾಯಿ ಹೋದ ಬೋಗುಣ್ಯಾಗ ಹುಳಿ ಇಟ್ರ ಹಿಂಗ ಆಗತೈತಿ. ಎಲ್ಲಿ ಬೆಳ್ಳಿ ಇದು?”

ಬಾಬಣ್ಣ ಗೋಡೆ ನೋಡಿದ. ಅವಳು ನನ್ನನ್ನು ನೋಡಿದಳು. ನಾನು ರಾಟೆ ನೋಡಿದೆ. ಒಳಗೆ ಟ್ರಂಕು ತೆರೆದ ಸದ್ದಾಯಿತು. ಬಹಳ ಹೊತ್ತಿನ ಮೇಲೆ ಅವಳು ದಡಿಯೂ ಸೆರಗೂ ಇಲ್ಲದ ಒಂದು ಒಡಲು ಹಿಡಿದುಕೊಂಡು ಬಂದು ಹೊಸ್ತಿಲಲ್ಲಿ ಕೂತಳು.

“ಅಂದ್ರ ನನ್ನ ಲಗ್ನದ ಸೀರಿ ತಾಮ್ರದ್ದು” ಎಂದಳು.

“ಮ್ಯಾಲೆ ಒಂದೀಟು ಬೆಳ್ಳಿ ನೀರು ಕುಡಿಸಿರ್ತಾರ.”

“ನಿಮಗ ಗೊತ್ತಿತ್ತು.”

“ಆವಾಗ ಗೊತ್ತಿತ್ತು ರತ್ನಾ. ಅಸಲಿ ಜರಿ ತರೂದು ನನ್ನ ಕೈಲೆ ಎಲ್ಲಿ ಆಗತಿತ್ತು? ನಿಮ್ಮಪ್ಪನ ಮುಂದ ಒಮ್ಮಿ ಬೆಳ್ಳಿ ಅಂದೆ. ಆಮ್ಯಾಲೆ ನೀ ಎಲ್ಲಾರ ಮುಂದ ಬೆಳ್ಳಿ ಅಂದಿ. ಇಷ್ಟು ವರ್ಷ ಕೇಳಿ ಕೇಳಿ ನಾನ ನಂಬಿಬಿಟ್ಟೆ. ನಂಬದಿದ್ರ ಸುಡತಿದ್ನೇನು?”

ರತ್ನಾಬಾಯಿ ಒಡಲನ್ನು ಮಡಿಚುತ್ತಲೇ ಇದ್ದಳು. ಸಣ್ಣಗೆ ಮಡಿಚಿ, ಬಿಡಿಸಿ, ಮತ್ತೆ ಮಡಿಚಿದಳು. “ಮನ್ನೆ ಸುದ್ದಾ ಹುನಗುಂದದಾಗ ನಮ್ಮ ತಮ್ಮನ ಹೆಂಡ್ತಿ ಕೇಳಿದ್ಲು, ಆ ಬೆಳ್ಳಿ ಸೀರಿ ಉಟ್ಟು ಬರಲಿಲ್ಲೇನು ಅಂತ. ಕೂಸಿನ ಕಾರ್ಯಕ್ಕ ಅದು ಜಡಾ ಆಗತೈತಿ ಅಂದೆ.”

ಅವಳ ಈ ಮೆಲುದನಿಯನ್ನು ತಡೆಯಲಾರದೆ, ಸೀರೆಯ ಮಾತು ತಪ್ಪಿದರೆ ಸಾಕೆಂದು ಬಾಬಣ್ಣ ಆವತ್ತಿನ ದೊಡ್ಡ ಶಾಣ್ಯಾತನ ತೋರಿಸಿದ. “ಸೀರಿದೇನು ದೊಡ್ಡ ಮಾತಲ್ಲ ಬಿಡು. ಅದಕಿಂತ ಕೆಟ್ಟದ್ದು ಕುಣ್ಯಾಗ ಐತಿ” ಎಂದ.

ರತ್ನಾಬಾಯಿ ಎದ್ದು ಹೋಗಿ ಮಗ್ಗದ ಕುಣಿಗೆ ಇಳಿದಳು. ಬಗ್ಗಿ ಕೈಯಾಡಿಸಿದಳು. ಮೇಲೆ ಬಂದಾಗ ಸೆರಗಿನ ತುಂಬ ಗುಳಿಗೆಗಳು, ತೇವ ಹಿಡಿದು ಉಬ್ಬಿದ್ದವು, ಕೆಲವು ಬಣ್ಣ ಬಿಟ್ಟು ಒಂದಕ್ಕೊಂದು ಅಂಟಿದ್ದವು. ಬೆಳ್ಳಿಯ ಸುದ್ದಿ ಕೇಳಿದ ದಿನದಿಂದ ಅವನು ನುಂಗಿರಲಿಲ್ಲ. ನಾಲಿಗೆಯ ಕೆಳಗೆ ಇಟ್ಟುಕೊಂಡು, ಶಮಶಾದಬಿ ಬೆನ್ನು ತಿರುಗಿಸಿದ ಕೂಡಲೇ ಕಾಲ ಬುಡಕ್ಕೆ ಉಗುಳುತ್ತಿದ್ದ.

ಅವಳು ಬೈಯಲಿಲ್ಲ. ಗುಳಿಗೆಗಳನ್ನು ನೋಡುತ್ತ, “ಇವನ್ನೂ ಕಲಿಸಿಬಿಟ್ರೇನು ಅವುಕ್ಕ?” ಎಂದು ಕೇಳಿದಳು. ಅಂದರೆ, ಉಳಿದಿದ್ದ ಕೊನೆಯ ಔಷಧವನ್ನೂ ಹುಳಕ್ಕೆ ಪರಿಚಯ ಮಾಡಿಸಿ ಕೈಬಿಟ್ಟಿರಾ, ಇನ್ನು ಇದಕ್ಕೂ ಅವು ಬಗ್ಗದೆ ಹೋದರೆ ಏನು ಗತಿ ಎಂದು. ಬಾಬಣ್ಣ ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡ.

ಸಂಜೆ ಪಕ್ಕದ ಅಂಗಡಿಯ ಇಮಾಮಸಾಬನ ಮೊಬೈಲಿನಿಂದ ಪ್ರಿಯದರ್ಶಿನಿಗೆ ಫೋನ್ ಮಾಡಿದರು. ಕಿವಿ ಮಂದವಾಗಿದ್ದರಿಂದ ಬಾಬಣ್ಣ ಅವಳ ಮಾತು ಓಣಿಗೆಲ್ಲ ಕೇಳುವಂತೆ ದೊಡ್ಡದು ಮಾಡಿ ಹಿಡಿದಿದ್ದ.

“ಮಾಮಾ, ಅಸಲಿ ಬೆಳ್ಳಿ ಆಗಿದ್ರೂ ಹಂಗ ಕುಡೀಬಾರದು. ಭಾಳ ದಿನಾ ಕುಡದ್ರ ಮೈ ಎಲ್ಲಾ ಬೂದಿ ಬಣ್ಣಕ್ಕ ತಿರಗತೈತಿ.”

“ನನ್ನ ಬಣ್ಣಕ್ಕ ಅದು ಸುಧಾರಣಿನ ಬಿಡವಾ.”

ಆ ಕಡೆ ಹುಡುಗಿ ಅಳತೊಡಗಿದಳು. ತಾನು ಬಂದು ಆ ಸುದ್ದಿ ಹೇಳಬಾರದಿತ್ತು ಎಂದಳು.

“ಅಳಬ್ಯಾಡ. ನೀ ಸರಿಯಾಗೇ ಹೇಳಿದ್ದಿ. ನೀ ಗುಳಿಗಿ ಬಿಡಬ್ಯಾಡ ಅಂದದ್ದು ನನ್ನ ಒಂದು ಕಿವ್ಯಾಗ ಹೋಗಿ ಅಲ್ಲೇ ಲೂಮಿನೊಳಗ ಸಿಕ್ಕು ಹರದುಹೋತು. ನಿನ್ನ ಕೆಲಸಾ ನೀ ಮಾಡು. ನಾ ಸುಟ್ಟದ್ದು ನನ್ನ ಸುಳ್ಳು, ನಿನ್ನ ಬೆಳ್ಳಿ ಅಲ್ಲ” ಎಂದ ಬಾಬಣ್ಣ.

ಮರುದಿನ ಬಾಗಲಕೋಟೆಗೆ ಹೋದರು. ಡಾಕ್ಟರು ಹೊಟ್ಟೆಗೆ ಔಷಧ ಕೊಟ್ಟು, ಕಫವನ್ನು ಮತ್ತೆ ಪರೀಕ್ಷೆಗೆ ಕಳಿಸಿದರು. ಈ ಹುಳ ಬೆಳೆಯುವುದೇ ನಿಧಾನ, ಫಲಿತಾಂಶಕ್ಕೆ ತಿಂಗಳುಗಳು ಬೇಕು, ಅಲ್ಲಿಯವರೆಗೆ ಅದೇ ಗುಳಿಗೆ ನುಂಗುತ್ತಿರಿ ಎಂದರು. ಹತ್ತುತ್ತದೋ ಇಲ್ಲವೋ ಗೊತ್ತಿಲ್ಲದ ಗುಳಿಗೆ ಅದು. ಕುರುಡು ನಂಬಿಕೆಯಿಂದ ಹಸಿರು ನೀರು ಕುಡಿದವನು ಈಗ ನಂಬಿಕೆಯೇ ಇಲ್ಲದೆ ನುಂಗಬೇಕಾಯಿತು.

ರತ್ನಾಬಾಯಿ ಕಾನೂನು ಬದಲಿಸಿದಳು. ಕುಣಿಯಲ್ಲಿ ಕೂತು ನುಂಗುವುದು ಬಂದ್. ಬೀದಿಯ ಕಟ್ಟೆಗೆ ಬಂದು, ಬೆಳಕಿಗೆ ಮುಖ ಮಾಡಿ ನಿಂತು ನುಂಗಬೇಕು. ಆಮೇಲೆ ಬಾಯಿ ತೆರೆದು, ನಾಲಿಗೆ ಎತ್ತಿ, ಶಮಶಾದಬಿಗೆ ತೋರಿಸಬೇಕು.

“ಇನ್ನೂ ಅಗಲ ತಗೀರಿ ಬಾಬಣ್ಣಾರ. ದವಡಿ ಸಂದ್ಯಾಗೂ ನೋಡಬೇಕು.”

“ಎತ್ತು ಕೊಳ್ಳಾವರು ಸುದ್ದಾ ಹಿಂಗ ಹಲ್ಲು ನೋಡೂದಿಲ್ಲಲೇ ಶಮಶಾದಬಿ.”

“ಎತ್ತು ಸುಳ್ಳು ಹೇಳೂದಿಲ್ಲರಿ.”

ನೀರಿಗೆ ಹೋಗುವ ಹೆಂಗಸರು ನಿಂತು ನೋಡತೊಡಗಿದರು. ‘ಇವತ್ತ ಬೆಳ್ಳಿನೋ ತಾಮ್ರನೋ’ ಎಂದು ಒಬ್ಬಳು ಕೇಳಿದರೆ, ‘ಹಿತ್ತಾಳಿ’ ಎಂದು ಬಾಬಣ್ಣನೇ ಹೇಳಿ ನೀರು ಕುಡಿಯುತ್ತಿದ್ದ. ಎದ್ದು ನಿಲ್ಲಲಾರದ ದಿನಗಳಲ್ಲಿ ರತ್ನಾಬಾಯಿ ಅವನ ರಟ್ಟೆ ಹಿಡಿದು ಕಟ್ಟೆಗೆ ಕರೆತರುತ್ತಿದ್ದಳು. ಸೀರೆಯ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ಆದರೆ ನನಗೆ ಗೊತ್ತು, ಆ ತಿಂಗಳುಗಳಲ್ಲಿ ಅವಳು ಅವನೊಂದಿಗೆ ಔಷಧದ ಹೊರತು ಬೇರೆ ಮಾತು ಆಡಿದ್ದು ಕಡಿಮೆ. ಅವನು ನಗಿಸಲು ಮಾಡಿದ ಚೇಷ್ಟೆಗಳೆಲ್ಲ ನನ್ನ ಪಾಲಿಗೆ ಬಂದವು. ನಾನು ನಕ್ಕು ನಕ್ಕು ಎಷ್ಟೋ ಕಂಡಿಕೆ ಸಿಕ್ಕು ಮಾಡಿದೆ.

ಫಲಿತಾಂಶ ಮಳೆಗಾಲದ ಹೊತ್ತಿಗೆ ಬಂತು. ಶಮಶಾದಬಿ ದವಾಖಾನೆಯಿಂದ ನೆಟ್ಟಗೆ ಇಲ್ಲಿಗೇ ಬಂದಳು. “ಔಷಧ ಇನ್ನೂ ಹತ್ತತೈತಂತರಿ. ಹುಳ ಇದನ್ನ ಓದಿಲ್ಲಂತ.”

ಬಾಬಣ್ಣ ಕಟ್ಟೆಯ ಕಂಬಕ್ಕೆ ಒರಗಿ ಕೂತ. “ನೋಡಿದ್ಯಾ ರತ್ನಾ, ನಾ ಕೆಟ್ಟ ಮಾಸ್ತರನೂ ಹೌದು” ಎಂದ. ರತ್ನಾಬಾಯಿ ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ಅತ್ತಳೋ ನಕ್ಕಳೋ ರಾಟೆಯ ಸದ್ದಿನಲ್ಲಿ ನನಗೆ ತಿಳಿಯಲಿಲ್ಲ. ರಾಟೆ ನಿಲ್ಲಿಸಬೇಕಿತ್ತು.

ಅದಾದ ಮೇಲೆ ವರ್ಷಕ್ಕೂ ಮಿಕ್ಕಿ ನುಂಗಿದ. ಸೂಜಿ ನಿಂತಿತು, ಆದರೆ ಎಡಕಿವಿ ಪೂರಾ ಹೋಯಿತು. ಪ್ರಿಯದರ್ಶಿನಿ ಸೂಟಿಗೆ ಬಂದಾಗಲೆಲ್ಲ ಅವನು ಬಲಕಿವಿ ಮುಂದೆ ಮಾಡಿ, “ನಿನ್ನ ಬೆಳ್ಳಿ ಗಾಜಿನಿಂದ ಹೊರಗ ಬಂತೇನು?” ಎಂದು ಕೇಳುತ್ತಿದ್ದ.

“ಇನ್ನೂ ಇಲ್ಲ ಮಾಮಾ. ಹುಳ ಸಾಯ್ತಾವ, ಆದ್ರ ಬೆಳ್ಳಿ ಒಳ್ಳೇ ಜೀವಕ್ಕೂ ತ್ರಾಸ ಕೊಡತೈತೇನು ಅಂತ ನೋಡಬೇಕು.”

“ಅವಸರ ಮಾಡಬ್ಯಾಡ. ಅವಸರ ಮಾಡಿದವನ ಮುಂದ ಕುಂತೀದಿ.”

ಗುಳಿಗೆ ಮುಗಿದದ್ದು ಎರಡು ಸಾವಿರದ ಎಂಟರ ಚಳಿಗಾಲದ ಒಂದು ದಿನ. ಕಫ ಸ್ವಚ್ಛ ಎಂದು ಬಾಗಲಕೋಟೆಯಲ್ಲಿ ಹೇಳಿದ್ದರು, ಎದೆ ಮಾತ್ರ ಒಂದು ಕಡೆ ಕುಗ್ಗಿದೆ, ಮಗ್ಗದ ಧೂಳು ಇನ್ನು ಬೇಡ ಎಂದೂ ಹೇಳಿದ್ದರು. ಮರುದಿನ ಬೆಳಿಗ್ಗೆ ರೂಢಿಯಂತೆ ಬಾಬಣ್ಣ ಕಟ್ಟೆಗೆ ಬಂದು, ಬೆಳಕಿಗೆ ಮುಖ ಮಾಡಿ, ಬಾಯಿ ತೆರೆದು ನಿಂತ. ಯಾರೂ ಬರಲಿಲ್ಲ.

ರತ್ನಾಬಾಯಿ ಹೊರಗೆ ಬಂದು ಅವನನ್ನು ನೋಡಿದಳು. “ಬಾಯಿ ಮುಚ್ರಿ, ನೊಣ ಹೊಕ್ಕೀತು” ಎಂದಳು. ಇಷ್ಟು ದಿನದಲ್ಲಿ ಅವಳು ಮಾಡಿದ ಮೊದಲ ಚೇಷ್ಟೆ. ಅವನು ಬಾಯಿ ಮುಚ್ಚಿ ನನ್ನ ಕಡೆ ತಿರುಗಿದ. ಅವಳು ಒಳಗೆ ಹೋಗಿ ಬಿದಿರಿನ ಮೊರದ ತುಂಬ ಜೋಳ ತಂದು ಅವನ ಮುಂದೆ ಇಟ್ಟಳು.

“ಧೂಳ ಹಾರೂದಿಲ್ಲ ಇದರಾಗ, ನಾ ಕೇರಿ ಕೊಟ್ಟೇನಿ. ಕಲ್ಲು ಹಳ್ಳು ಅಷ್ಟ ಆರಿಸ್ರಿ. ಮಧ್ಯಾನ್ನಕ್ಕ ಗಿರಣಿಗಿ ಹೋಗಬೇಕು.”

ಬಾಬಣ್ಣ ಕಾಲು ಮಡಿಚಿ ಕೂತು ಮೊರವನ್ನು ತೊಡೆಯ ಮೇಲೆ ಎಳೆದುಕೊಂಡ. ಕಾಳನ್ನು ಅಂಗೈಯಿಂದ ತೆಳ್ಳಗೆ ಹರಡಿ, ಹಳ್ಳು ಆರಿಸಿ ಆರಿಸಿ ಕಟ್ಟೆಯ ಕೆಳಗೆ ಒಗೆಯತೊಡಗಿದ.